ಹೆಸರು ಅಳಿಸಿದ ಟೆಂಪ್ಲೇಟು

ಮಾರ್ಚ್ ೧೧, ಮಂಗಳವಾರ

ಹೊಟ್ಟೆಯುರಿ ಇನ್ನೂ ಆರಿಲ್ಲ. ಕೋಡ್‌ನಲ್ಲಿ ಯಾರು ಏನು ಬದಲಿಸಿದರೆಂಬ ಪಟ್ಟಿ ಒಂದೊಂದೇ ಸಾಲಿನಲ್ಲಿ, ಬಣ್ಣಬಣ್ಣವಾಗಿ ಬರುವಂತೆ ಪಕ್ಕದ ಸೀಟಿನ ಗುಂಗುರುಕೂದಲಿನವಳು ಟೆಂಪ್ಲೇಟು ಬರೆದಿದ್ದಾಳೆ. ಮ್ಯಾನೇಜರ್ ನನ್ನೆದುರೇ, "ಇಷ್ಟು ವರ್ಷ ಇದು ಯಾರಿಗೂ ಹೊಳೀಲೇ ಇಲ್ವಲ್ಲ" ಅಂದರು. ಯಾರಿಗೂ ಅಂದರೆ ನನಗೆ.

ಸಂಜೆ ಯಾರಿಗೂ ಹೇಳದೆ ನನ್ನ ಕಂಪ್ಯೂಟರಿಗೂ ಅದನ್ನು ಹಾಕಿಕೊಂಡೆ. ಚೆನ್ನಾಗಿದೆ, ಹಾಳಾದ್ದು. ಅವಳ ಹೆಸರು ಕಣ್ಣಿಗೆ ಬೀಳಬಾರದೆಂದು, ಬದಲಿಸಿದವರ ಹೆಸರು ತೋರಿಸುವ ಭಾಗವನ್ನೇ ಅಳಿಸಿದೆ. ಈಗ ಉಳಿದದ್ದು ಬರೀ ತಾರೀಕು, ಮಾಡಿದ ಕೆಲಸದ ವಿವರ.

ಏನು ಬದಲಿಸಿದ್ದು, ಏಕೆ ಬದಲಿಸಿದ್ದು ಎರಡನ್ನೂ ಅಚ್ಚುಕಟ್ಟಾಗಿ ಹೇಳುವ ಸಾಲೆಲ್ಲ ಅವಳದ್ದೇ. ಗುರುತು ಹಿಡಿಯಲು ಹೆಸರೇ ಬೇಕಿರಲಿಲ್ಲ.

ನನ್ನವಕ್ಕೂ ಬೇಕಿರಲಿಲ್ಲ. "ಸರಿ ಮಾಡಿದೆ." "ಮತ್ತೆ ಸರಿ ಮಾಡಿದೆ." "ಈಗ ನಿಜವಾಗಲೂ ಸರಿ ಮಾಡಿದೆ."