ಸಾಕು ಅನ್ನುವವಳು

೯ ಫೆಬ್ರುವರಿ ೧೯೭೧, ಮಂಗಳವಾರ. ಸಂಜೆ ಆರು.

ಬೆಳಿಗ್ಗೆ ನೀರು ಹಿಡಿದೆ. ಅನ್ನ ಮಾಡಿದೆ, ತಳ ಹತ್ತಿತು. ಮಧ್ಯಾಹ್ನ ಮಲಗಿದೆ. ಅಂಗಡಿ ತೆಗೆಯಲಿಲ್ಲ. ಹೆಂಡತಿ ದೇವಕ್ಕ ತೀರಿಹೋಗಿ ಇವತ್ತಿಗೆ ಮೂವತ್ತೇಳು ದಿನ. ಅಂಗಡಿ ಮುಚ್ಚಿಯೂ ಅಷ್ಟೇ ದಿನ.

ಊರಿನಿಂದ ತಮ್ಮ ಖಂಡಪ್ಪನ ಕಾರ್ಡು. ಮುಂಬಯಿಯ ಪರೇಲಿನಲ್ಲಿ ಒಬ್ಬನೇ ಕುಳಿತು ಏನು ಮಾಡುತ್ತಿ, ಸಾಮಾನು ಮಾರಿ ಬಂದುಬಿಡು ಎಂದು ಬರೆದಿದ್ದಾನೆ. ನಮ್ಮೂರ ಸಾಯಬಣ್ಣ ಸೋಮವಾರದ ಸೋಲಾಪುರ ಗಾಡಿಗೆ ಹೊರಟಿದ್ದಾನೆ. ನನಗೂ ಸೇರಿಸಿ ಟಿಕೀಟು ತೆಗೆಸುತ್ತೇನೆ ಎಂದ. ಹೂಂ ಅಂದೆ.

ಬೇರೇನು ಮಾಡಲಿ... ತಬಲಾ, ಡೋಲಕಿಗೆ ಚರ್ಮ ಹೊದಿಸುವುದು ನನ್ನ ಕೈ. ಸ್ವರ ಕೇಳುವುದು ಅವಳ ಕಿವಿ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳುವಳು — "ಇನ್ನೊಂದ್ ಚೂರ ಬಿಗಿ... ಹಾಂ, ಸಾಕು." ಇಪ್ಪತ್ತಾರು ವರ್ಷ ಹಾಗೇ ನಡೆಯಿತು. ಅವಳು ಸಾಕು ಅಂದ ಮೇಲೆ ಯಾವ ಭಜನೆ ಮಂಡಳಿಯೂ ವಾಪಸು ತಂದಿಲ್ಲ. ನಾನೇ ಸಾಕು ಅಂದದ್ದು ಒಮ್ಮೆಯೂ ನೆನಪಿಲ್ಲ.

೧೦ ಫೆಬ್ರುವರಿ, ಬುಧವಾರ. ಸಂಜೆ.

ಮಧ್ಯಾಹ್ನ ಟ್ಯಾಕ್ಸಿಯಲ್ಲಿ ದೊಡ್ಡ ಡ್ರಮ್ಮು ಹಾಕಿಕೊಂಡು ಒಬ್ಬ ಬಂದ. ಕೂದಲು ಹೆಗಲ ತನಕ. ಹೆಸರು ಶೇಖರ. ಅಪ್ಪ ಧಾರವಾಡದ ಕಡೆಯವರು, ಆಫೀಸು ನೌಕರಿ, ಮನೆ ಗೋರೆಗಾಂವದಲ್ಲಿ. ಮಗನ ಕನ್ನಡ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

"ಕಾಕಾ, ಇದು... ಫಾರಿನ್ ಪ್ಲಾಸ್ಟಿಕ್ ಇತ್ತು. ಫಟ್ ಗಯಾ. ಹೊಸಾದು ಇಲ್ಲಿ ಸಿಗಂಗಿಲ್ಲ. ನೀವು ಚರ್ಮಾ ಹಾಕ್ತೀರಿ ಅಂತ ಪಪ್ಪಾ ಹೇಳ್ಯಾರ."

ಕಾಲಿನಿಂದ ಒತ್ತಿ ಬಾರಿಸುವ ಡ್ರಮ್ಮು. ಒಂದು ಬದಿಗೆ ಹರಿದ ಪ್ಲಾಸ್ಟಿಕ್, ಇನ್ನೊಂದು ಬದಿ ಖಾಲಿ. ಶನಿವಾರ, ರವಿವಾರ ಗೋರೆಗಾಂವದ ಒಂದು ಶಾಲೆಯ ಮೈದಾನದಲ್ಲಿ ಬ್ಯಾಂಡಿನವರ ಕಾರ್ಯಕ್ರಮವಂತೆ. ಎಂಟು ಬ್ಯಾಂಡು. ಕಂಪನಿ ಗಿಂಪನಿ ಯಾವುದೂ ಹಿಂದಿಲ್ಲ, ಇವರೇ ಸೇರಿ ಮಾಡುತ್ತಿರುವುದು. ಎರಡು ದಿನವೂ ಇವನ ಬ್ಯಾಂಡಿದೆ.

ಆಗುವುದಿಲ್ಲ ಎಂದೆ. ಅಂಗಡಿ ಮುಚ್ಚಿದೆ. ಸೋಮವಾರ ಊರಿಗೆ ಹೋಗುವವನು.

ಪಕ್ಕದ ಖೋಲಿಯ ಅಂಬವ್ವ ಬಾಗಿಲಲ್ಲೇ ನಿಂತಿದ್ದಳು. "ಯಾಕ ಆಗಂಗಿಲ್ಲ ಮರೆಪ್ಪಣ್ಣ? ಕೈ ಏನ್ ದೇವಕ್ಕನ ಜೋಡಿ ಕಳಿಸಿಯೇನು?"

"ಕಿವಿ ಬೇಕಲ್ಲ, ಅಂಬವ್ವ."

"ಅಯ್ಯ, ಇಂವ ಏನ್ ಭಜನಿಗೆ ಒಯ್ಯತಾನ? ಇವರ ಗದ್ದಲದಾಗ ಯಾರ್ ಕೇಳತಾರ! ಹೊದಿಸಿ ಕೊಡು, ಹೋಗಲಿ."

ಶೇಖರನಿಗೆ ಎಷ್ಟು ತಿಳಿಯಿತೋ. "ಹೌದ್ರಿ, ನಮ್ದು ಭಾಳ ಗದ್ದಲ," ಅಂದ. ಅಂಬವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ಡ್ರಮ್ಮು ಇಳಿಸಿಕೊಂಡೆ. ಅಂಗಡಿ ತೆಗೆದೆ. ಒಳಗೆಲ್ಲ ಇಲಿ ಹಿಕ್ಕೆ. ಗುಡಿಸಿ ಚರ್ಮ ನೆನೆಹಾಕಿದೆ. ಇದೊಂದೇ ಕೊನೆಯ ಕೆಲಸ.

೧೨ ಫೆಬ್ರುವರಿ, ಶುಕ್ರವಾರ. ಸಂಜೆ ನಾಲ್ಕು.

ನಿನ್ನೆ ಬರೆಯಲಿಲ್ಲ. ಚರ್ಮವನ್ನು ಡ್ರಮ್ಮಿನ ಬಾಯಿಯ ಬಳೆಗೆ ಸುತ್ತಿ ನೆರಳಿಗೆ ಇಟ್ಟಿದ್ದೆ. ಇವತ್ತು ಒಣಗಿತು.

ನಮ್ಮ ವಾದ್ಯ ಬಿಗಿಯಲು ಚರ್ಮದ ಬಾರು, ಕಟ್ಟಿಗೆಯ ಗುಟ್ಟಿ. ಇದಕ್ಕೆ ಸುತ್ತ ಸ್ಕ್ರೂ. ಎದುರುಬದುರು ಎರಡೆರಡು ಸುತ್ತು ತಿರುಗಿಸುತ್ತ, ತಟ್ಟುತ್ತ ಹೋದೆ. ತಗ್ಗು. ಸ್ವರ ಇನ್ನೂ ತಗ್ಗು. ಒಂದು ಕಡೆ ಕೈ ತಾನಾಗಿ ನಿಂತಿತು. ಮೆಟ್ಟಿಲ ಕಡೆ ನೋಡಿದೆ. ಯಾರೂ ಇಲ್ಲವಲ್ಲ. ಮತ್ತೆ ತಟ್ಟಿದೆ. ಅಲ್ಲಿಗೇ ಬಿಟ್ಟೆ. ಸರಿಯೋ ತಪ್ಪೋ ಗೊತ್ತಿಲ್ಲ.

ಶೇಖರ ಬಂದು ನೋಡಿದ. ಹೊಸ ಚರ್ಮ ಬಿಸಿಲಿಗೆ ಬಿಗಿಯುತ್ತದೆ ಎಂದು ಹೇಳಿದ್ದೇ ತಪ್ಪಾಯಿತು. "ಹಂಗಾದ್ರ ನೀವೂ ಬರ್ರಿ ಕಾಕಾ, ಪ್ಲೀಸ್." ನಾಳೆ ಡ್ರಮ್ಮು ನಾನೇ ಒಯ್ಯಬೇಕು.

೧೩ ಫೆಬ್ರುವರಿ, ಶನಿವಾರ. ಸಂಜೆ ಏಳೂವರೆ.

ಲೋಕಲ್‌ನ ಲಗೇಜು ಡಬ್ಬಿಯಲ್ಲಿ ಹೋದೆ. ಡ್ರಮ್ಮಿಗೆ ಕೌದಿ ಸುತ್ತಿದ್ದೆ. ದೇವಕ್ಕ ಹೊಲಿದದ್ದು, ಮನೆಯಲ್ಲಿ ದೊಡ್ಡ ಹೊದಿಕೆ ಅದೊಂದೇ. ಮೀನಿನವಳೊಬ್ಬಳು ಅದರ ಮೇಲೆ ಬುಟ್ಟಿ ಇಡಲು ಬಂದಳು. ಕೈ ಅಡ್ಡ ಹಿಡಿದೆ. ಯಾಕೆ ಮಾಮಾ, ಒಳಗೆ ಹೆಂಡತಿ ಮಲಗಿದ್ದಾಳೇನು ಎಂದು ಮರಾಠಿಯಲ್ಲಿ ಕೇಳಿ ಡಬ್ಬಿಯನ್ನೆಲ್ಲ ನಗಿಸಿದಳು. ನಾನೂ ನಕ್ಕೆ. ಆಮೇಲೆ ಗೋರೆಗಾಂವ ಬರುವ ತನಕ ಹೊರಗೆ ನೋಡುತ್ತ ನಿಂತೆ.

ಮೈದಾನದಲ್ಲಿ ಬಿದಿರಿನ ಸ್ಟೇಜು. ಕೆಳಗೆ ಜಮಖಾನೆ. ಹುಡುಗರು, ಹುಡುಗಿಯರು, ಮುನ್ನೂರು ಜನ ಇರಬಹುದು. ಎರಡು ಗಂಟೆಗೆ ಶುರು. ಮೈಕು ಕಿರುಚುತ್ತದೆ, ಯಾರೂ ಬೇಸರಪಡುವುದಿಲ್ಲ. ಹಾಡು ಎಲ್ಲ ಇಂಗ್ಲಿಷು. ಗಿಟಾರಿನವರು ಕಣ್ಣು ಮುಚ್ಚಿ ಬಾರಿಸುತ್ತಾರೆ, ನಮ್ಮ ಭಜನೆಯವರ ಹಾಗೆಯೇ.

ಮೂರನೆಯದು ಶೇಖರನ ಬ್ಯಾಂಡು. ಅಲ್ಲಿಯ ತನಕ ಡ್ರಮ್ಮು ಕೌದಿಯೊಳಗೆ ನೆರಳಲ್ಲೇ ಇತ್ತು. ಡ್ರಮ್ಮಿಗೆ ಒಂದು ಏಟು ಹಾಕಿದರೆ ಸಾಕು, ಡೂಂ... ಎಂದು ಹಾಡತೊಡಗುತ್ತದೆ. ಹಾಡುವವನು ಒಂದು ಸ್ವರದಲ್ಲಿ, ಡ್ರಮ್ಮು ಇನ್ನೊಂದರಲ್ಲಿ. ಹಿಂದಿನಿಂದ ಯಾರೋ ಕೂಗಿದರು — "ಅರೇ, ಭಜನ್ ಮಂಡಳಿ ಆಯೀ!" ಶಿಳ್ಳೆ. ಕೆಲವರು ಭಜನೆಗೆ ಹೊಡೆದಂತೆ ಚಪ್ಪಾಳೆ ಹೊಡೆದರು. ಶೇಖರನ ಮುಖ ನೋಡಲಾಗಲಿಲ್ಲ. ಐದು ಹಾಡು ಇದ್ದದ್ದು ಎರಡಕ್ಕೇ ನಿಲ್ಲಿಸಿ ಇಳಿದರು.

ತಪ್ಪು ನನ್ನದೇ. ಚರ್ಮ ಹೊದಿಸಿದ ಮೇಲೆ ಅದನ್ನು ಸ್ವರಕ್ಕೆ ತರುವುದು — ನಮ್ಮ ಕೈಗೆ ಗೊತ್ತಿರುವುದು ಅಷ್ಟೇ. ಇವರಿಗೆ ಸ್ವರ ಬೇಡ, ಬರೀ ಏಟು ಬೇಕು. ಕೇಳಬೇಕಿತ್ತು. ಕೇಳಲಿಲ್ಲ.

ಸ್ಟೇಜಿನ ಹಿಂದೆ ಅವರ ಬಾಜಾ ಬಾರಿಸುವ ಹುಡುಗ ಸಿಟ್ಟಿನಲ್ಲಿದ್ದ. ಅದು ಕರೆಂಟಿನ ಬಾಜಾ, ಬಿಳಿ-ಕರಿ ಮನೆಗಳು ಮಾತ್ರ ನಮ್ಮ ಹಾರ್ಮೋನಿಯಂ ಪೆಟ್ಟಿಗೆಯವೇ. ಡ್ರಮ್ಮಿಗೆ ಒದ್ದ. ಒಂದೊಂದೇ ಮನೆ ಒತ್ತುತ್ತ ಬಂದ. ಒಂದು ಕಡೆ ಎರಡೂ ಸದ್ದು ಒಂದೇ ಆಯಿತು. ಅವನ ಸಿಟ್ಟು ಅಲ್ಲೇ ನಿಂತಿತು.

"ಡಿ ಶಾರ್ಪ್! ಎಕ್ದಮ್ ಬರೋಬರ್! ಅಂಕಲ್, ಕೈಸೇ ಕಿಯಾ?"

ಬೆರಳು ಎಲ್ಲಿದೆ ನೋಡಿದೆ. ಎರಡನೆಯ ಕರಿ ಮನೆ. ಕರಿ ಎರಡು. ನಮ್ಮ ಕಡೆಯ ಮಂಡಳಿಗಳು ಹಾಡುವುದೇ ಕರಿ ಎರಡರಲ್ಲಿ. ದೇವಕ್ಕ ಸಾಕು ಅನ್ನುತ್ತಿದ್ದುದೂ ಅಲ್ಲೇ.

"ಇನ್ನೊಮ್ಮೆ ಒತ್ತು," ಅಂದೆ. ಒತ್ತಿದ. ನಾನೇ ಡ್ರಮ್ಮು ತಟ್ಟಿದೆ. ಮತ್ತೊಮ್ಮೆ ತಟ್ಟಿದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಿನ್ನೆ ಬಿಗಿಯುವಾಗ ಸಾಕು ಎಂದು ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ಬಾಜಾ ಇರಲಿಲ್ಲ.

ಶೇಖರ ಮೆಲ್ಲಗೆ, "ಕಾಕಾ, ಇದು ಕರೆಕ್ಟ್ ಐತಿ. ಬಟ್ ನಮಗ ಕರೆಕ್ಟ್ ಬ್ಯಾಡ," ಅಂದ.

ಸ್ಕ್ರೂ ಅರ್ಧರ್ಧ ಸುತ್ತು ಸಡಿಲಿಸಿದೆ. ಕೌದಿ ನಾಲ್ಕು ಮಡಿಕೆ ಮಾಡಿ, ಖಾಲಿ ಬದಿಯಿಂದ ಒಳಗೆ ತುರುಕಿ ಚರ್ಮಕ್ಕೆ ತಾಗಿಸಿ ಇಟ್ಟೆ. ಒದ್ದು ನೋಡಿದ. ಧಪ್. ಅವರಿಗೆ ಬೇಕಾಗಿದ್ದು ಅದೇ. ನಾಳೆಯ ತನಕ ಒಳಗೇ ಇರಲಿ ಎಂದು ಬಂದೆ.

ಚಾದರ ಇದೆ. ಅದೇ ಹೊದ್ದುಕೊಳ್ಳಬೇಕು.

೧೪ ಫೆಬ್ರುವರಿ, ರವಿವಾರ. ಸಂಜೆ ಏಳು.

ಇವತ್ತು ಕರೆಯದೆಯೇ ಹೋದೆ. ಮೂರೂವರೆಗೆ ಶೇಖರನ ಬ್ಯಾಂಡು. ನಿನ್ನೆ ಕೂಗಿದವರು ಇವತ್ತೂ ಶುರುವಿನಲ್ಲಿ "ಭಜನ್, ಭಜನ್" ಅಂದರು. ಮೊದಲ ಹಾಡು ಅರ್ಧವಾಗುವಷ್ಟರಲ್ಲಿ ಸುಮ್ಮನಾದರು. ಏಟು ನೆಲದಲ್ಲಿ ನಡೆದು ಅಂಗಾಲಿಗೆ ಬರುತ್ತಿತ್ತು. ಐದೂ ಹಾಡು ಆಯಿತು, ಮೇಲೊಂದು ಹಾಡಿಸಿದರು. ಯಾವ ಹಾಡೂ ನನಗೆ ತಿಳಿಯಲಿಲ್ಲ. ನಡುವೆ ಎರಡು ಸಲ ಚರ್ಮ ಬಿಸಿಲಿಗೆ ಏರಿತು. ಎರಡು ಸಲವೂ ನಾನೇ ಕೇಳಿ ಹೇಳಿದೆ, ಶೇಖರ ಸ್ಕ್ರೂ ಇಳಿಸಿಕೊಂಡ.

ಕೌದಿ ತಿರುಗಿ ತಂದೆ. ಹಳೆಯ ರಗ್ಗು ಯಾವುದಾದರೂ ತುರುಕಿಕೋ ಎಂದೆ.

ಬರುವಷ್ಟರಲ್ಲಿ ಸಾಯಬಣ್ಣ ಬಾಗಿಲಲ್ಲಿ ಕುಳಿತಿದ್ದ, ಟಿಕೀಟು ಜೇಬಿನಲ್ಲಿ.

"ನಾ ಬರಂಗಿಲ್ಲೋ ಸಾಯಬಣ್ಣ."

"ಯಾಕ? ಬ್ಯಾಂಡ್ ಸೇರಿದಿ ಏನು?"

"ಹಂಗ ಅಂತ ತಿಳಿ."

"ಕೂದಲಾ ಬಿಡಬೇಕಾಗತೈತಿ. ಎಲ್ಲಿ ಅದಾವ ನಿನಗ?" ನಕ್ಕ. ಆಮೇಲೆ ನಗಲಿಲ್ಲ. "ಖಂಡಪ್ಪಗ ಏನ್ ಹೇಳ್ಲಿ?"

"ಅಂಗಡಿ ತೆಗದಾನ ಅಂತ ಹೇಳು."

"ಸ್ವರಾ ಯಾರ್ ಕೇಳತಾರ ಮತ್ತ?"

"ನಾನ," ಅಂದೆ.

ಅವನು ಜೇಬು ಮುಟ್ಟಿ ನೋಡಿಕೊಂಡ. ಟಿಕೀಟು ವಾಪಸು ಮಾಡುತ್ತೇನೆ ಎಂದು ಎದ್ದು ಹೋದ.

ಅವಳು ಕೇಳುತ್ತಿದ್ದಳು, ನಾನು ಬಿಗಿಯುತ್ತಿದ್ದೆ ಎಂದೇ ತಿಳಿದಿದ್ದೆ. ಇಪ್ಪತ್ತಾರು ವರ್ಷ ನಾನೂ ಅಲ್ಲೇ ಕುಳಿತು ಕೇಳಿದ್ದೆನಲ್ಲ...

ಇರಲಿ. ನಾಳೆ ಹತ್ತಕ್ಕೆ ಅಂಗಡಿಗೆ, ಮೈದಾನದಲ್ಲಿ ಸಿಕ್ಕ ಭಾಂಡುಪದ ಬ್ಯಾಂಡಿನವನೊಬ್ಬ ಬರುತ್ತಾನೆ. ಎರಡು ಸಣ್ಣ ಡ್ರಮ್ಮು. ಸ್ವರ ಬೇಡ ಅಂದಿದ್ದಾನೆ.