ಗಾಳಿ ಬೀಸಿದ ದಿನಗಳ ಅಂಕಿಗಳು

ಮಾರ್ಚ್ 3, 2009. ಮಂಗಳವಾರ, ಮಧ್ಯಾಹ್ನ 12

ಮಾರ್ಜಿನ್ 4. ಗಂಟೆಗೆ ತಪ್ಪುಗಳು 1,912. ನಿನ್ನೆಯಿಂದ ಏಳು ಸಲ ಇಂಟರ್ನೆಟ್ ಲೈನ್ ಕಡಿದಿದೆ. ಕುರಿ ಎಣಿಸಿ ಬಂದ ಮೇಲೆ ಮೋಡೆಮ್‌ನ ಪುಟ ತೆರೆದು ನೋಡುವುದು ಈಗ ರೂಢಿಯಾಗಿದೆ.

ಲೈಬ್ರರಿ ಪುಸ್ತಕದಿಂದ ಬರೆದುಕೊಂಡದ್ದು, ಮರೆಯದಿರಲಿ: ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದೇ ಮಾರ್ಜಿನ್. ಆರಾದರೂ ಬೇಕು. ಅಟೆನ್ಯುಯೇಶನ್ ಎಂದರೆ ತಂತಿಯಲ್ಲಿ ಬರುತ್ತಾ ಬರುತ್ತಾ ಸಿಗ್ನಲ್ ಎಷ್ಟು ಸೊರಗಿತು ಎಂಬ ಲೆಕ್ಕ. ನಮ್ಮದು 58. ಟೆಲಿಫೋನ್ ಎಕ್ಸ್‌ಚೇಂಜ್ ಮೂರು ಮೈಲಿ ದೂರ, ಸೊರಗದೆ ಏನು ಮಾಡೀತು.

ಹನ್ನೊಂದಕ್ಕೆ ಓಲ್ವೆನ್ ವಿಡಿಯೊದಲ್ಲಿ ಬಂದಳು. ಸ್ಟ್ರೋಕ್ ಆಗಿ ಐದು ವಾರ. ಬಲಗೈ ಮಡಿಲಲ್ಲಿ ಬಿದ್ದುಕೊಂಡಿದೆ. ನನ್ನ ತಂಗಿ ಹುಟ್ಟುಕಿವುಡಿ; ಬೆರಳಲ್ಲಿ ಅಕ್ಷರ ಕಟ್ಟಲು ಅವಳಿಗೆ ಎರಡೂ ಕೈ ಬೇಕು. ಈಗ ಎಡಗೈಯೊಂದರಲ್ಲಿ ಮಾಡುವುದು ಚಿಕ್ಕಂದಿನಲ್ಲಿ ನಾವಿಬ್ಬರೇ ಕಟ್ಟಿಕೊಂಡ ಸನ್ನೆಗಳು. ಅವು ಗೊತ್ತಿರುವುದು ನನಗೊಬ್ಬಳಿಗೆ. ಆದರೆ ಪರದೆ ಮೇಲೆ ಕೈ ಚೂರುಚೂರಾಗಿ ಕಾಣುತ್ತದೆ, ಆಮೇಲೆ ಕಪ್ಪು…

ಥೆರಪಿಸ್ಟ್ ಶಾನ್ ಆಮೇಲೆ ಫೋನ್ ಮಾಡಿದ್ದಳು. ಮೆಲ್ಲಗೆ ಹೇಳಿದಳು: "ಹೇಳಿದ್ದು ಯಾರಿಗೂ ತಿಳೀದಿದ್ರೆ ಅವರು ಹೇಳೋದನ್ನೇ ಬಿಟ್ಬಿಡ್ತಾರೆ, ನೆಸ್ಟಾ."

ಅವಳಿರುವ ಬ್ಯಾಂಗರ್ ಆಸ್ಪತ್ರೆಗೆ ಹೋಗೋಣವೆಂದರೆ ಕುರಿಗಳು ಮರಿ ಹಾಕುವ ಕಾಲ. ನೋಡಿಕೊಳ್ಳಲು ನಾನೊಬ್ಬಳೇ.

ಮಾರ್ಚ್ 5. ಗುರುವಾರ, ಬೆಳಿಗ್ಗೆ

ಕಂಪನಿಗೆ ನಾಲ್ಕನೇ ಕರೆ. ಟೆಸ್ಟ್ ಪಾಸಾಗಿದೆಯಂತೆ, ಲೈನ್ ಚೆನ್ನಾಗಿದೆಯಂತೆ. ಫೋನಿಟ್ಟು ಸ್ಕ್ರೂಡ್ರೈವರ್ ತಗೊಂಡೆ. ಗೋಡೆಯ ಫೋನ್ ಸಾಕೆಟ್‌ನ ಮುಚ್ಚಳ ಬಿಚ್ಚಿದರೆ ಒಳಗೆ ಟೆಸ್ಟ್ ಸಾಕೆಟ್, ಪುಸ್ತಕದಲ್ಲಿದ್ದ ಹಾಗೇ. ಹಿಂದೆ ಫೋನಿನ ಗಂಟೆ ಬಾರಿಸಲೆಂದು ಹಾಕಿದ ಹಳೆಯ ತಂತಿ ಗದ್ದಲ ಹೀರಿಕೊಳ್ಳುತ್ತದಂತೆ. ಬಿಚ್ಚಿದೆ.

ಮಾರ್ಜಿನ್ 7!

ಅಂಗಳದಲ್ಲಿ ನಿಂತು ಗೆಥಿನ್‌ಗೆ ಹೇಳಿದೆ. ನೆರೆಯ ಮನೆಯವನು, ಅರವತ್ತು ವರ್ಷದ ಪರಿಚಯ. "ಕುರಿಗಳಿಗೂ ಒಂದೊಂದು ಮಾರ್ಜಿನ್ ಬರೀತೀಯೇನೇ?" ಎಂದ.

ಮಾರ್ಚ್ 9. ಸೋಮವಾರ

ಪಶ್ಚಿಮದಿಂದ ಗಾಳಿ. ಮಾರ್ಜಿನ್ 2. ಓಲ್ವೆನ್ ಏನೋ ಕೇಳಿದಳು, ಮೂರು ಸಲ. ಮೂರು ಸಲವೂ ತಿಳಿಯಲಿಲ್ಲ. ನಾಲ್ಕನೇ ಸಲ ಕೇಳಲಿಲ್ಲ. ಕೈ ಇಳಿಸಿ ಕಿಟಕಿ ಕಡೆ ನೋಡುತ್ತಾ ಕೂತಳು.

ಅತ್ತುಬಿಟ್ಟೆ. ಆಮೇಲೆ ಹಿಂದಿನ ಪುಟಗಳನ್ನು ತಿರುವಿದೆ. ಲೈನ್ ಕಡಿದ ದಿನವೆಲ್ಲ, ನೆನಪಿದ್ದ ಮಟ್ಟಿಗೆ, ಗಾಳಿಯ ದಿನ. ತೊಂದರೆ ಮನೆಯೊಳಗಿಲ್ಲ, ಹೊರಗೆ ಫೋನ್ ಕಂಬದ ಮೇಲಿದೆ. ಇಂದಿನಿಂದ ಗಾಳಿಯನ್ನೂ ಬರೆಯಬೇಕು. ಗಂಟೆಗೊಮ್ಮೆ.

ಮಾರ್ಚ್ 18. ಬುಧವಾರ, ಸಂಜೆ 5

ಒಂಬತ್ತು ದಿನ ಇದರಲ್ಲಿ ಅಂಕಿ ಬಿಟ್ಟರೆ ಬೇರೇನೂ ಇಲ್ಲ. ಮರಿ ಹಾಕಿದ ಕುರಿ ಹದಿನೇಳು.

ಕೊನೆಗೂ ಲೈನ್‌ಮನ್ ಬಂದ. ಯೆಸ್ಟಿನ್ ಅಂತೆ, ಐವತ್ತು ದಾಟಿದವನು, ಮಾತು ಕಡಿಮೆ. ಬಂದದ್ದೋ, ಎಲೆಯೂ ಅಲುಗದ ದಿನ. ಮೀಟರ್ ಹಚ್ಚಿ ಅರ್ಧ ಗಂಟೆ ನೋಡಿದ. "ಲೈನ್ ಕ್ಲೀನಾಗಿದೆಯಮ್ಮಾ. ನಂಗೇನೂ ಸಿಗ್ತಿಲ್ಲ" ಎಂದು ಪೆಟ್ಟಿಗೆ ಮುಚ್ಚಿದ.

ಈ ದಿನಚರಿ ಪುಸ್ತಕವನ್ನು ಅವನ ಕೈಗಿಟ್ಟೆ. ಯಾರಿಗೂ ತೋರಿಸಿದ್ದಲ್ಲ. ನಿಂತಲ್ಲೇ ಪುಟ ಪುಟವಾಗಿ ಓದಿದ. ಒಂಬತ್ತನೇ ತಾರೀಖಿನದನ್ನೂ.

"ಇಷ್ಟೆಲ್ಲ ಬರೀರಿ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ತಂಗಿ ಏನಂತಾಳೆ ಅಂತ ನಂಗೆ ಕಾಣ್ಬೇಕು, ಅಷ್ಟೆ."

ವ್ಯಾನಿನಿಂದ ಏಣಿ ಇಳಿಸಿಕೊಂಡು, ಪಶ್ಚಿಮದ ಗಾಳಿಗೆ ಮೈಯೊಡ್ಡಿದ ಚಾಪೆಲ್ ಬಳಿಯ ಕಂಬಕ್ಕೆ ಹೋದ. ಗೆಥಿನ್‌ನ ಆಶ್ ಮರದ ಕೊಂಬೆ ತಂತಿಗೆ ಒರಗಿಕೊಂಡಿತ್ತು. ಜೋಡಣೆಯ ಡಬ್ಬಿ ಬಿರಿದು ಒಳಗೆ ನೀರು. ತಾಮ್ರವೆಲ್ಲ ಹಸಿರು ಕಿಲುಬು. ಗಾಳಿಗೆ ಕೊಂಬೆ ಅಲುಗಿದಾಗೆಲ್ಲ ತಂತಿ ತಾಗುತ್ತಿತ್ತು, ಬಿಡುತ್ತಿತ್ತು. ಹೊಸದಾಗಿ ಜೋಡಿಸಿಕೊಟ್ಟ. ಗೆಥಿನ್ ಮುಖ ಕೆಂಪಗೆ ಮಾಡಿಕೊಂಡು ಗರಗಸ ತಂದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಅಟೆನ್ಯುಯೇಶನ್ 52. ಮಾರ್ಜಿನ್ 11. ಗಂಟೆಗೆ ತಪ್ಪು ಆರು.

ಮಾರ್ಚ್ 20. ಶುಕ್ರವಾರ

ಜೋರು ಗಾಳಿ. ಮಾರ್ಜಿನ್ 11. ಗೆಥಿನ್ ಕುರಿ ನೋಡಿಕೊಂಡ, ನಾನು ನಲವತ್ತು ನಿಮಿಷ ಓಲ್ವೆನ್ ಜೊತೆ ಕೂತೆ. ಒಮ್ಮೆಯೂ ಕಡಿಯಲಿಲ್ಲ. ಅವಳ ಮೊದಲ ಮಾತು — ನಿನ್ನ ಕೂದಲು ಯಾರು ಕತ್ತರಿಸಿದ್ದು, ಕುರಿ ಉಣ್ಣೆ ತೆಗೆಯೋನಾ? ಅವಳ ಪಕ್ಕದಲ್ಲಿದ್ದ ಶಾನ್‌ಗೆ ಬಿಡಿಸಿ ಹೇಳಿದೆ. ಅವಳು ನಕ್ಕಿದ್ದನ್ನು ನೋಡಿ ಓಲ್ವೆನ್ ಇನ್ನೂ ಎರಡು ಹೇಳಿದಳು. ಬರೆಯುವಂಥವಲ್ಲ.

ಮಾರ್ಚ್ 24. ಮಂಗಳವಾರ, ಬೆಳಿಗ್ಗೆ 11:40

ಬರೆದುಬಿಡಬೇಕು, ಈಗಲೇ. ಮಾತಿನ ನಡುವೆ ಓಲ್ವೆನ್ ಒಮ್ಮೆಲೇ ಅಲುಗದಾದಳು. ಚಿತ್ರ ನಿಂತುಹೋಯಿತೆಂದು ಮೋಡೆಮ್ ಕಡೆ ತಿರುಗಿದೆ. ಎಲ್ಲ ದೀಪ ಹಸಿರು. ಅವಳ ಹಿಂದಿನ ಕಿಟಕಿಯ ಪರದೆ ಗಾಳಿಗೆ ಆಡುತ್ತಿತ್ತು. ಚಿತ್ರ ನಿಂತಿರಲಿಲ್ಲ. ಅವಳು ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಹೆಬ್ಬೆರಳು ಎದ್ದಿತು. ಎದ್ದದ್ದು ಒಂದು ಕೂದಲೆಳೆಯಷ್ಟು, ಆದರೂ ಕಂಡಿತು. ಆಮೇಲೆ ತೋರುಬೆರಳು… ಶಾನ್ ಡಾಕ್ಟರನ್ನು ಕರೆಯಲು ಓಡಿದಳು.

ಮತ್ತೆ ಕರೆ ಬರುತ್ತಿದೆ. ಉಳಿದದ್ದು —