ಈಸ್ಟರ್ ಬೆಳಗಿನ ಬೀಡಿ

ಕೋಲಾರ, ಈಸ್ಟರ್ ಭಾನುವಾರ, ೧೯೮೩

ಜಯಶೀಲ,

ಇವತ್ತು ಮುಂಜಾನೆ ಸಮಾಧಿ ತೋಟದಲ್ಲಿ ಆರಾಧನೆ ನಡೆಯಿತು. ಚರ್ಚಿನ ಅಯ್ಯನವರು ಆಶೀರ್ವಾದದ ಕೈ ಇನ್ನೂ ಇಳಿಸಿರಲಿಲ್ಲ, ನಮ್ಮವರ ಕೈ ಜೇಬಿಗೆ ಇಳಿದಿತ್ತು. ಲೆಂಟಿನ ನಲವತ್ತು ದಿನ ಬೀಡಿಗೆ ಉಪವಾಸ, ಈಸ್ಟರಿಗೆ ಮತ್ತೆ ಹೊಗೆಯ ಸಹವಾಸ. ನಾವಿಬ್ಬರೂ ವರ್ಷ ವರ್ಷ ಹೀಗೇ ಮಾಡಿದ್ದು. ಬಿಟ್ಟಿದ್ದನ್ನು ಮತ್ತೆ ಹಿಡಿಯಲೆಂದೇ ಸ್ವಾಮಿ ಎದ್ದು ಬಂದನೆಂದು ನಮಗೆ ಯಾರು ಹೇಳಿಕೊಟ್ಟರೋ.

ಈ ಸಲ ನಾನು ಬಿಟ್ಟವನು ಬಿಟ್ಟೇ ಇರಲೆಂದು ದಿನವೂ ಪ್ರಾರ್ಥಿಸುತ್ತಿದ್ದೇನೆ. ನಿನ್ನ ತಮ್ಮ ಎಲೀಷ ಬೀಡಿ ಚಾಚಿದ.

“ಹಚ್ಕೊಳ್ಳಿ ಅಣ್ಣ, ಲೆಂಟ್ ಮುಗೀತಲ್ಲ.”

“ನಂದು ಮುಗ್ದಿಲ್ಲ ಕಣೋ.”

“ಯೇಸುಸ್ವಾಮಿನೇ ಎದ್ದಾಯ್ತು, ನಿಮ್ದಿನ್ನೂ ಉಪವಾಸನಾ?”

ಎಲ್ಲರೂ ನಕ್ಕರು. ಅವನು ಅದೇ ಬೀಡಿ ಹಚ್ಚಿ, ನಿನ್ನ ಸಮಾಧಿಯ ಬಿರುಕಿಗೆ ಊದುಬತ್ತಿಯಂತೆ ಸಿಕ್ಕಿಸಿ, “ನಮ್ಮಣ್ಣಂಗೆ ಇಷ್ಟ” ಅಂದ. ಕೆಮ್ಮಿ ಕೆಮ್ಮಿ ಸತ್ತವನಿಗೆ ಅದನ್ನೇ ಎಡೆ ಇಡುತ್ತಾರೆಯೇ? ಕಿತ್ತು ಹೊಸಕಿಬಿಟ್ಟೆ.

“ಇನ್ನ ಅವ್ನಿಗೇನಾಗ್ತದೆ ಬಿಡಿ ಅಣ್ಣ” ಅಂದ ಎಲೀಷ.

ಮನೆಗೆ ಬಂದು ಕೈ ತೊಳೆಯುವ ಮೊದಲು ಬೆರಳು ಮೂಸಿದೆ. ನಿನ್ನ ಪಕ್ಕ ಕೂತಂತಾಯಿತು. ಆದರೂ ಸೋಪು ಹಾಕಿ ತೊಳೆದೆ.

ರತ್ನಾಕರ